ತಡ ಆತು, ಬಿದ್ದಿಲ್ಲ

ಅಕ್ಕಾರ ಬಲಗೈಯ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಉಳಿದ ಬೆರಳುಗಳೂ ಒರಟೇ. ಆದರೆ ಆ ಒಂದು ತುದಿ ಮಾತ್ರ ಹೊಳೆಯೊಳಗಿನ ಕಲ್ಲಿನ ಹಾಗೆ ನುಣ್ಣಗಾಗಿ, ತುಸು ಚಪ್ಪಟೆಯಾಗಿ, ಎಷ್ಟು ತಿಕ್ಕಿ ತೊಳೆದರೂ ಹೋಗದ ತುಕ್ಕಿನ ಬಣ್ಣ ಹಿಡಿದಿತ್ತು. ಹಳೆಯ ಉಕ್ಕಿನ ಸೇತುವೆಯಲ್ಲಿ ತೊಲೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಗುಂಡುತಲೆಯ ರಿವೆಟ್‌ಗಳು. ಅವು ಸಡಿಲಾಗಿವೆಯೋ ಎಂದು ನೋಡಲು ಒಂದು ಬದಿಗೆ ಸಣ್ಣ ಸುತ್ತಿಗೆಯಿಂದ ಹೊಡೆದು, ಇನ್ನೊಂದು ಬದಿಗೆ ಬೆರಳಿಟ್ಟು ಅಲುಗಾಟ ಗೊತ್ತುಮಾಡಿಕೊಳ್ಳಬೇಕು. ಅಕ್ಕಾರು ತಮ್ಮ ಅರ್ಧ ಆಯುಷ್ಯ ಆ ಬೆರಳನ್ನು ರಿವೆಟ್‌ಗಳಿಗೆ ಒತ್ತಿಯೇ ಕಳೆದಿದ್ದರು.

ಕಚೇರಿಗೆ ಹಾಜರಿಯ ಯಂತ್ರ ಬಂದಾಗ ಅದು ಆ ಬೆರಳನ್ನು ಒಪ್ಪಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೆರಳು ಒತ್ತುತ್ತಿದ್ದರು. ಕೆಂಪು ದೀಪ ಹತ್ತುತ್ತಿತ್ತು. ಸೆರಗಿನಿಂದ ಒರೆಸಿ ಮತ್ತೆ ಒತ್ತುತ್ತಿದ್ದರು. ಮತ್ತೆ ಕೆಂಪು. ಒಂದು ತಿಂಗಳು ಕಳೆದ ಮೇಲೆ, ಕೆಲಸಕ್ಕೆ ಪದೇ ಪದೇ ಗೈರಾಗುತ್ತಿರುವುದಕ್ಕೆ ಕಾರಣ ಕೊಡಬೇಕೆಂದು ಅವರಿಗೆ ನೋಟೀಸು ಬಂತು. ಆ ತಿಂಗಳಲ್ಲಿ ಒಂದು ರವಿವಾರವೂ ಅವರು ಸೇತುವೆ ಬಿಟ್ಟು ಮನೆಯಲ್ಲಿ ಕೂತಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ನೋಟೀಸನ್ನು ಮಡಿಚಿ ಊಟದ ಡಬ್ಬಿಯ ಕೆಳಗಿಟ್ಟರು.

‘ಎಡಗೈ ಬೆರಳ ಬರಸ್ಕೋರಿ ಅಂತ ಮೊದಲ ಹೇಳಿದ್ರ ಮುಗೀತಿತ್ತು. ನೋಟೀಸ ಯಾಕ ಬೇಕಿತ್ತು ಇದಕ್ಕ’ ಎಂದಷ್ಟೇ ಹೇಳಿ ಹೆಲ್ಮೆಟ್ಟು ಎತ್ತಿಕೊಂಡರು.

ಅವರು ರೈಲ್ವೆಯಲ್ಲಿ ಸೇತುವೆಗಳ ಉಸ್ತುವಾರಿ ಎಂಜಿನಿಯರ್. ಊರು ಸಿಂದಗಿ ತಾಲೂಕಿನ ಮೋರಟಗಿ. ಬೌದ್ಧರ ಮನೆ. ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಮಂದಿಯ ಹೊಲಗಳಲ್ಲಿ ಹತ್ತಿ ಬಿಡಿಸಿ, ಕಳೆ ತೆಗೆದು ಮಗಳನ್ನೂ ಮಗನನ್ನೂ ಓದಿಸಿದ್ದರು. ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ, ಪರೀಕ್ಷೆ ಬರೆದು, ಈ ಕೆಲಸಕ್ಕೆ ಬಂದ ಮೊದಲ ದಿನವೇ ಅಂದಿನ ಮೇಲಧಿಕಾರಿ ಅವರಿಗೆ ಟಪಾಲು ವಿಭಾಗದಲ್ಲಿ ಕುರ್ಚಿ ತೋರಿಸಿದ್ದರಂತೆ. ಹೆಣ್ಣುಮಕ್ಕಳು ಸೇತುವೆ ಹತ್ತುವುದು ಬೇಡ ಎಂಬ ಕಾಳಜಿ. ಅಕ್ಕಾರು ಆ ಕುರ್ಚಿಯ ಮೇಲೆ ತಮ್ಮ ಚೀಲ ಇಟ್ಟು, ಹೊರಗೆ ಹಳಿಯ ಮೇಲೆ ನಿಂತಿದ್ದ ತಳ್ಳುವ ಟ್ರಾಲಿ ಹತ್ತಿ ಹೊರಟುಬಿಟ್ಟಿದ್ದರು. ಚೀಲ ಸಂಜೆಯತನಕ ಕುರ್ಚಿಯ ಮೇಲೇ ಇತ್ತಂತೆ.

ನಾನು ದೇವಣಗಾಂವದವನು. ಕಿರಿಯ ಎಂಜಿನಿಯರ್ ಆಗಿ ಅವರ ಕೈಕೆಳಗೆ ಸೇರಿದಾಗ ಅವರಿಗೆ ನಡುವಯಸ್ಸು ದಾಟಿತ್ತು. ಮದುವೆಯಾಗಿರಲಿಲ್ಲ. ಸಣಕಲು ಮೈ, ಗಟ್ಟಿ ಧ್ವನಿ. ಸೀರೆಯನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿ ಕಟ್ಟಿ, ಅದರೊಳಗೊಂದು ಪ್ಯಾಂಟು, ಮೇಲೊಂದು ಕಿತ್ತಳೆ ಬಣ್ಣದ ಜಾಕೀಟು, ಕಾಲಿಗೆ ಕ್ಯಾನ್ವಾಸ್ ಬೂಟು. ಕೆಲಸದವರೆಲ್ಲ ‘ಅಕ್ಕಾರ’ ಎಂದು ಕರೆಯುತ್ತಿದ್ದರು. ನಾನು ಮೊದಮೊದಲು ಮೇಡಂ ಎನ್ನುತ್ತಿದ್ದೆ. ಸೇತುವೆಯ ಮೇಲೆ ಗಾಳಿ ಜೋರಿದ್ದಾಗ ಮೇಡಂ ಎಂಬ ಮಾತು ಕೇಳಿಸುವುದಿಲ್ಲ, ಅಕ್ಕಾರ ಎಂಬುದು ಕೇಳಿಸುತ್ತದೆ. ಹಾಗೆ ನನಗೂ ಅವರು ಅಕ್ಕಾರಾದರು. ನನ್ನನ್ನು ಅವರು ‘ತಮ್ಮಾ’ ಎಂದರು, ಸಿಟ್ಟು ಬಂದಾಗ ‘ಎಂಜಿನಿಯರ್ ಸಾಹೇಬ್ರ’ ಎಂದರು.

ನಮ್ಮ ಕಚೇರಿ ಆಗ ಇಂಡಿಯಲ್ಲಿತ್ತು. ಅಕ್ಕಾರು ಸಿಂದಗಿಯ ತಮ್ಮನ ಮನೆಯಿಂದ ದಿನಾ ಓಡಾಡುತ್ತಿದ್ದರು. ಸೇತುವೆಯ ಕೆಲಸ ಶುರುವಾಗುವ ಹೊತ್ತಿಗೆ ಇಂಡಿಯಲ್ಲೇ ಒಂದು ಮನೆ ಹಿಡಿಯಬೇಕಾಯಿತು. ನಾನು ಹುಡುಕಿ ಒಂದು ಚಂದದ ಮನೆ ಗೊತ್ತು ಮಾಡಿದೆ. ಮಾಲೀಕರು ದೊಡ್ಡ ವ್ಯಾಪಾರಸ್ಥರು. ಚಹಾ ಕೊಟ್ಟು, ಮನೆ ತೋರಿಸಿ, ನೀರು ಎಷ್ಟೊತ್ತಿಗೆ ಬರುತ್ತದೆ ಎಂಬುದನ್ನೂ ಹೇಳಿದರು. ಆಮೇಲೆ ಊರು ಕೇಳಿದರು. ಊರಾದ ಮೇಲೆ ಓಣಿ ಕೇಳಿದರು. ಓಣಿ ಹೇಳಿದ ಕೂಡಲೇ ಅವರ ಕೈಯಲ್ಲಿದ್ದ ಕೀಲಿಕೈ ಜೇಬಿಗೆ ಹೋಯಿತು.

‘ಹಂಗೇನಿಲ್ಲರಿ, ನಾವು ಅದೆಲ್ಲಾ ನೋಡೂದಿಲ್ಲ. ಆದ್ರ ನಮ್ಮ ತಾಯಾರು ಭಾಳ ಹಳೀ ಕಾಲದವ್ರು. ಮ್ಯಾಲ ಮತ್ತ ನಮ್ಮ ಅಳಿಯಾನೂ ಬರಾಂವ ಅದಾನ, ಮನಿ ಬೇಕಾಗಬಹುದು.’

ನಾನು ಬಾಯಿ ತೆರೆದೆ. ಅಕ್ಕಾರು ನನ್ನ ತೋಳು ಹಿಡಿದರು. ಅವರ ಕಣ್ಣು ಮಾಲೀಕರ ಮುಖದ ಮೇಲಿರಲಿಲ್ಲ, ಪಡಸಾಲೆಯ ಬಾಗಿಲಿನ ಮೇಲಿತ್ತು. ಅಲ್ಲಿ ಗೋಡೆ ಬಿರುಕು ಬಿಟ್ಟು, ಬಾಗಿಲ ಮೇಲಿನ ಕಾಂಕ್ರೀಟ್ ಪಟ್ಟಿ ನಡುವೆ ಜೋತಿತ್ತು. ಅದಕ್ಕೇ ಕೊಂಡಿ ಹೊಡೆದು ತೊಟ್ಟಿಲು ಕಟ್ಟಿದ್ದರು, ಒಳಗೆ ಕೂಸು ಮಲಗಿತ್ತು.

‘ಮನಿ ಕೊಡೂದು ಬಿಡೂದು ನಿಮ್ಮ ಇಚ್ಛಾ. ಆದ್ರ ಆ ತೊಟ್ಟಿಲ ಇವತ್ತ ಅಲ್ಲಿಂದ ಬಿಚ್ಚರಿ. ಆ ಪಟ್ಟಿ ಭಾಳ ದಿವಸ ತಡ್ಯಾಂಗಿಲ್ಲ’ ಎಂದರು. ಮಾಲೀಕರು ಜೇಬಿನ ಕೀಲಿಕೈ ಮುಟ್ಟಿ ನೋಡಿಕೊಂಡರು. ‘ಈಗ ಬಿಚ್ಚರಿ, ನಾ ನಿಂತಿರ್ತೇನಿ’ ಎಂದರು ಅಕ್ಕಾರು. ಮಾಲೀಕರ ಸೊಸೆ ಒಳಗಿಂದ ಓಡಿಬಂದು ಕೂಸನ್ನು ಎತ್ತಿಕೊಂಡು, ತೊಟ್ಟಿಲು ಬಿಚ್ಚಿದ ಮೇಲೆಯೇ ಅವರು ಹೊಸ್ತಿಲು ದಾಟಿದ್ದು.

ದಾರಿಯಲ್ಲಿ ನಾನು ಕೂಗಾಡಿದೆ. ದೂರು ಕೊಡೋಣ ಎಂದೆ. ಇಂಥವರ ಮನೆಗೆ ಬುದ್ಧಿ ಹೇಳುವ ಕೆಲಸ ನಿಮಗೇಕೆ ಬೇಕಿತ್ತು ಎಂದೆ. ಅವರು ಒಂದೇ ಮಾತು ಹೇಳಿದರು: ‘ಕೂಸೇನ ನನ್ನ ಓಣಿ ಕೇಳಿತ್ತೇನು?’ ನನ್ನ ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ. ಇವತ್ತಿಗೂ ಆ ಓಣಿ ಬಿಟ್ಟು ಬೇರೆ ದಾರಿ ಹಿಡಿಯುತ್ತೇನೆ. ಕೊನೆಗೆ ನಿವೃತ್ತ ಶಾಲಾ ಮಾಸ್ತರರೊಬ್ಬರು ತಮ್ಮ ಮನೆಯ ಹಿಂದಿನ ಎರಡು ಕೋಣೆ ಕೊಟ್ಟರು.

ಇನ್ನು ಸೇತುವೆಯ ಮಾತು. ಯಾವ ಸೇತುವೆ ಎಂದು ಬರೆಯುವುದಿಲ್ಲ. ಅದರ ಮೇಲೆ ದುಡಿದವರು ಅನೇಕರು ಇನ್ನೂ ನೌಕರಿಯಲ್ಲಿದ್ದಾರೆ. ನಮ್ಮ ಸೀಮೆಯ ಒಂದು ಹೊಳೆಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಉಕ್ಕಿನ ಸೇತುವೆ ಅದು. ಕಲ್ಲಿನ ಕಂಬಗಳು, ಅವುಗಳ ಮೇಲೆ ಉಕ್ಕಿನ ಗರ್ಡರುಗಳು. ಆಗ ಓಡುತ್ತಿದ್ದದ್ದು ಸಣ್ಣ ಗಾಡಿ. ಮುಂದೆ ಎಂದಾದರೂ ದೊಡ್ಡದು ಬಂದೀತು ಎಂದು ಕಟ್ಟಿದವರು ಒಂದಿಷ್ಟು ಹೆಚ್ಚೇ ಗಟ್ಟಿ ಮಾಡಿದ್ದರು. ದೊಡ್ಡ ಹಳಿ ಬಂತು, ಸೇತುವೆ ತಡೆಯಿತು. ಆದರೆ ಬಸವನ ಬಾಗೇವಾಡಿ ಕಡೆಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ತುಂಬಿದ ಉದ್ದುದ್ದ ಗಾಡಿಗಳು ಒಂದರ ಹಿಂದೊಂದು ಬರತೊಡಗಿದ ಮೇಲೆ ಲೆಕ್ಕ ಬೇರೆಯಾಯಿತು. ಅಷ್ಟು ಭಾರವನ್ನು ಆ ಕಾಲದವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

ಸೇತುವೆ ಹಳೆಯದಾಯಿತು ಎಂದು ಯಾರಾದರೂ ಅಂದರೆ ಅಕ್ಕಾರಿಗೆ ಸಿಟ್ಟು ಬರುತ್ತಿತ್ತು. ‘ನಮ್ಮವ್ವನೂ ಹಳಬಳ ಅದಾಳ. ಹೊಲಾ ತಿರುಗತಾಳ, ರೊಟ್ಟಿ ಬಡೀತಾಳ. ಹಂಗಂತ ಅಕಿ ತಲಿ ಮ್ಯಾಲ ಎರಡ ಚೀಲ ಜ್ವಾಳ ಹೊರಿಸಿ ನಡಿ ಅಂದ್ರ ಹೆಂಗ? ಹೊರಸಾವ್ರದು ತಪ್ಪೋ ಅವ್ವಂದ ತಪ್ಪೋ?’ ಎನ್ನುತ್ತಿದ್ದರು. ಊಟಕ್ಕೆ ಕೂತಾಗ ಇಂಥ ಮಾತು ಬರುತ್ತಿದ್ದವು. ಸೇತುವೆಯ ಅಂಚಿನಲ್ಲಿ, ಗಾಡಿ ಬಂದಾಗ ಸರಿದು ನಿಲ್ಲಲು ಮಾಡಿದ ಸಣ್ಣ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಕಟಕ ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಮೊಸರು ಕಲಸಿ ಎಲ್ಲರಿಗೂ ಹಂಚುತ್ತಿದ್ದರು. ತಿಂದ ಮೇಲೆ ಐದು ನಿಮಿಷ ಯಾರೊಡನೆಯೂ ಮಾತಿಲ್ಲ. ಕೆಳಗಿನ ನೀರು ನೋಡುತ್ತ ಕೂರುತ್ತಿದ್ದರು. ನೀರಿಲ್ಲದ ತಿಂಗಳಲ್ಲಿ ಮರಳು ನೋಡುತ್ತಿದ್ದರು.

ಒಂದು ಬೇಸಗೆಯಲ್ಲಿ ಹಳಿಯ ಕೆಳಗಿನ ಸ್ಲೀಪರುಗಳನ್ನು ಎತ್ತಿಸಿ ನೋಡಿದಾಗ, ಹಳಿಯನ್ನು ಹೊತ್ತ ಉದ್ದನೆಯ ತೊಲೆಗಳಲ್ಲಿ ಬಿರುಕು ಕಂಡವು. ಸ್ಲೀಪರಿನ ಅಡಿಯಲ್ಲಿ ಮಳೆನೀರು ನಿಂತು ನಿಂತು ಉಕ್ಕು ಹಪ್ಪಳದ ಹಾಗೆ ಪದರು ಬಿಟ್ಟಿತ್ತು. ಅಕ್ಕಾರು ಅವತ್ತೇ ಗಾಡಿಗಳ ವೇಗಕ್ಕೆ ಮಿತಿ ಹಾಕಿಸಿದರು. ನಮ್ಮಲ್ಲಿ ಅದಕ್ಕೆ ಕಾಷನ್ ಎನ್ನುತ್ತಾರೆ. ಸೇತುವೆಗೆ ಮುಂಚೆ ಹಳದಿ ಫಲಕ ನಿಂತಿತು, ಗಾಡಿಗಳು ತೆವಳುತ್ತ ದಾಟತೊಡಗಿದವು. ಅವತ್ತಿನಿಂದ ಮೇಲಿನ ಕಚೇರಿಗೆ ಅಕ್ಕಾರು ಕಣ್ಣಿನ ಕಸವಾದರು. ಒಂದೊಂದು ಸಭೆಯಲ್ಲೂ ದೊಡ್ಡ ಸಾಹೇಬರದು ಅದೇ ಪ್ರಶ್ನೆ: ಆ ಕಾಷನ್ ಯಾವಾಗ ತೆಗೆಯುತ್ತೀರಿ? ಬಿರುಕು ಯಾವಾಗ ಸರಿಮಾಡುತ್ತೀರಿ ಎಂದು ಒಂದು ಸಲವೂ ಕೇಳಿದ್ದು ನನಗೆ ನೆನಪಿಲ್ಲ.

ಕಡೆಗೆ ಸೇತುವೆಯನ್ನು ಬಲಪಡಿಸುವ ಕೆಲಸ ಮಂಜೂರಾಯಿತು. ಬಿರುಕಿನ ತೊಲೆಗಳನ್ನು ಬದಲಿಸುವುದು, ಗರ್ಡರುಗಳಿಗೆ ಹೊಸ ಉಕ್ಕಿನ ಪಟ್ಟಿಗಳನ್ನು ಜೋಡಿಸುವುದು, ಸಡಿಲಾದ ರಿವೆಟ್ ತೆಗೆದು ಗಟ್ಟಿ ಬೋಲ್ಟ್ ಹಾಕುವುದು. ಗುತ್ತಿಗೆ ಹಿಡಿದವರ ಮ್ಯಾನೇಜರ್ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಪ್ರತಿ ಮಾತಿನ ಕೊನೆಗೆ ನಗುತ್ತಿದ್ದ. ಮುದ್ದೇಬಿಹಾಳ ಕಡೆಯಿಂದ ಕೆಲಸದವರನ್ನು ಕರೆತಂದಿದ್ದ. ಒಳ್ಳೆಯ ಕೆಲಸಗಾರರು, ಆದರೆ ಸೊಂಟಕ್ಕೆ ಕಟ್ಟುವ ಬೆಲ್ಟು ಕೊಟ್ಟಿರಲಿಲ್ಲ. ಬೆಲ್ಟು ಬರುವತನಕ ಒಬ್ಬರನ್ನೂ ಅಕ್ಕಾರು ಮೇಲೆ ಹತ್ತಗೊಡಲಿಲ್ಲ. ಮ್ಯಾನೇಜರ್ ನಗುತ್ತಲೇ ದೂರು ಬರೆದು ಮೇಲೆ ಕಳಿಸಿದ.

ಈ ಬೋಲ್ಟಿನ ಜೋಡಣೆಯಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಪಟ್ಟಿಯೂ ಹಳೆಯ ಉಕ್ಕೂ ಒಂದಕ್ಕೊಂದು ಒರಟಾಗಿ ಕಚ್ಚಿಕೊಂಡು ನಿಲ್ಲಬೇಕು. ನಡುವೆ ತುಕ್ಕಾಗಲಿ ಬಣ್ಣವಾಗಲಿ ಇದ್ದರೆ ಜಾರುತ್ತದೆ. ಒಂದು ದಿನ ಅಕ್ಕಾರು ತಾಲೂಕು ಆಸ್ಪತ್ರೆಗೆ ಹೋಗಿದ್ದರು. ವರ್ಷಗಟ್ಟಲೆ ತುಕ್ಕು ಕೆರೆದ ಧೂಳು ಕುಡಿದು ಅವರಿಗೆ ಆಗಲೇ ಉಬ್ಬಸ ಶುರುವಾಗಿತ್ತು. ಮರುದಿನ ಬಂದು ನೋಡಿದರೆ ಒಂದು ಬದಿಯ ಪಟ್ಟಿಗಳೆಲ್ಲ ಕೂತು, ಬೋಲ್ಟು ಬಿಗಿದು, ಮೇಲೆ ಬೂದುಬಣ್ಣ ಹೊಡೆದು ಥಳಥಳ ಹೊಳೆಯುತ್ತಿದ್ದವು. ಅವರು ಸಂದಿಯೊಳಗೆ ತೆಳ್ಳನೆಯ ಬ್ಲೇಡು ತೂರಿಸಿ ಹೊರಗೆಳೆದರು. ತುದಿಗೆ ಎಣ್ಣೆಬಣ್ಣ ಹತ್ತಿತ್ತು.

‘ಎಲ್ಲಾ ಬಿಚ್ಚರಿ’ ಎಂದರು.

ಮ್ಯಾನೇಜರ್ ನಕ್ಕ. ‘ಮೇಡಂ, ಇಷ್ಟು ಚಂದ ಕುಂತಾವು. ಒಳಗಿಂದು ಯಾರ್ ನೋಡ್ತಾರ್ರಿ?’

‘ಗಾಡಿ ನೋಡತೈತಿ. ಬಿಚ್ಚರಿ.’

ಬಿಚ್ಚಿದರು. ಬಣ್ಣ ಸುಟ್ಟು, ಉಜ್ಜಿ, ಉಕ್ಕಿನ ಮೈ ಬರುವತನಕ ಅಕ್ಕಾರು ಅಲ್ಲಿಂದ ಕದಲಲಿಲ್ಲ. ಕೆಲಸ ಹಿಂದೆ ಬಿತ್ತು. ಹಿಂದೆ ಬಿದ್ದದ್ದಕ್ಕೆ ಮೇಲಿನಿಂದ ಬೈಗುಳ ಬಂದದ್ದು ಬಣ್ಣ ಹಚ್ಚಿದವನಿಗಲ್ಲ, ಬಿಚ್ಚಿಸಿದವರಿಗೆ. ‘ಆ ಹೆಂಗಸಿಗೆ ಹೊಂದಾಣಿಕೆ ಗೊತ್ತಿಲ್ಲ’ ಎಂದು ಸಾಹೇಬರು ಎಲ್ಲರೆದುರು ಅಂದರು. ನಮ್ಮ ಕಚೇರಿಯ ಸಂಬಳದ ವಿಭಾಗದವರು ಅದನ್ನು ನಗೆಯ ಮಾತು ಮಾಡಿಕೊಂಡರು.

ಆಮೇಲಿನ ದಿನವನ್ನು ನಾನು ಸಾಯುವತನಕ ಮರೆಯುವುದಿಲ್ಲ.

ನಡುವಿನ ಕಂಬದ ಮೇಲಿನ ಕೊನೆಯ ತೊಲೆ ಬದಲಿಸುವುದಿತ್ತು. ಅದಕ್ಕೆ ಗಾಡಿಗಳ ಓಡಾಟ ಪೂರ್ತಿ ನಿಲ್ಲಿಸಬೇಕು. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಅಕ್ಕಾರು ಕೇಳಿದ ಹೊತ್ತಿನ ಅರ್ಧದಷ್ಟು ಮಾತ್ರ ಮೇಲಿನವರು ಕೊಟ್ಟರು. ಅಷ್ಟರಲ್ಲಿ ಆಗುವುದಿಲ್ಲ ಎಂದು ಇವರು ಬರೆದರು, ಆಗಲೇಬೇಕು ಎಂದು ಅವರು ಬರೆದರು. ಮಧ್ಯಾಹ್ನದ ಉರಿಬಿಸಿಲು. ಉಕ್ಕು ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿತ್ತು. ಹಳೆಯ ತೊಲೆ ತೆಗೆದು, ಹೊಸದನ್ನು ಚೈನಿಗೆ ಕಟ್ಟಿ ಇಳಿಸಿ, ಜಾಗದಲ್ಲಿ ಕೂರಿಸುವ ಹೊತ್ತಿಗೆ ಕೊಟ್ಟ ವೇಳೆ ಮುಗಿಯುತ್ತ ಬಂದಿತ್ತು. ಬೋಲ್ಟುಗಳನ್ನು ತೂತಿಗೆ ಹಾಕಿತ್ತು, ಬಿಗಿದದ್ದು ಕೆಲವನ್ನು ಮಾತ್ರ. ಮುದ್ದೇಬಿಹಾಳದ ಇಬ್ಬರು ತೊಲೆಯ ಕೆಳಗೆ ತೂಗುಹಾಕಿದ ಹಲಗೆಯ ಮೇಲೆ ಕೂತು ಬೋಲ್ಟು ಬಿಗಿಯುವ ಪಾನಾ ತಿರುಗಿಸುತ್ತಿದ್ದರು.

ಅಕ್ಕಾರಿಗೆ ಫೋನು ಬಂತು. ದೊಡ್ಡ ಸಾಹೇಬರೇ. ಹಿಂದಿನ ನಿಲ್ದಾಣದಲ್ಲಿ ಕಲ್ಲಿದ್ದಲಿನ ಗಾಡಿ ನಿಂತಿದೆ, ಸ್ಥಾವರದಲ್ಲಿ ಕಲ್ಲಿದ್ದಲು ಮುಗಿಯುತ್ತ ಬಂದಿದೆ, ಕೂಡಲೇ ದಾರಿ ಬಿಟ್ಟುಕೊಡಿ ಎಂದರು. ಅಕ್ಕಾರು ಸಮಾಧಾನದಿಂದ ಹೇಳಿದರು: ‘ಸರ್, ತೊಲಿ ಕುಂತೈತಿ, ಬಿಗಿ ಆಗಿಲ್ಲರಿ. ಇನ್ನಷ್ಟು ಹೊತ್ತು ಬೇಕು.’

ಸಾಹೇಬರು ಫೋನಿಟ್ಟರು. ಎರಡೇ ನಿಮಿಷಕ್ಕೆ ನನ್ನ ಜೇಬಿನಲ್ಲಿ ಫೋನು ಕುಣಿಯಿತು. ಅದೇ ಸಾಹೇಬರು.

‘ನೋಡಪ್ಪಾ, ನೀನು ಹುಡುಗ, ಮುಂದೆ ಬರಬೇಕಾದವನು. ಅವರಿಗೆ ಹಟ. ಅರ್ಧ ಬೋಲ್ಟು ಬಿಗಿದಿದೆ ತಾನೆ? ನಡಿಗೆಯ ವೇಗದಲ್ಲಿ ಬಿಟ್ಟರೆ ಏನೂ ಆಗೋದಿಲ್ಲ. ಲೈನು ಸರಿ ಇದೆ ಅಂತ ನೀನೇ ಬರೆದು ಕೊಡು, ಉಳಿದದ್ದು ನಾನು ನೋಡ್ಕೋತೀನಿ.’

ಫೋನು ಕಿವಿಗೆ ಹಿಡಿದುಕೊಂಡೇ ಕೆಳಗಿನ ಹಲಗೆಯ ಮೇಲಿನ ಇಬ್ಬರ ಕಡೆ ನೋಡಿದೆ. ಅಕ್ಕಾರು ನನ್ನ ಮುಖ ನೋಡಿಯೇ ತಿಳಿದುಕೊಂಡಿರಬೇಕು. ಬಂದವರೇ ಫೋನನ್ನು ನನ್ನ ಕಿವಿಯಿಂದ ತೆಗೆದುಕೊಂಡರು.

‘ಅಂವನ ಕಡೆ ಕೇಳಬ್ಯಾಡ್ರಿ ಸರ್. ಬ್ಲಾಕ್ ನನ್ನ ಹೆಸರಿನ ಮ್ಯಾಲ ಐತಿ. ಕೆಳಗ ನನ್ನ ಇಬ್ರು ಮಂದಿ ಕುಂತಾರ. ಅವ್ರು ಮ್ಯಾಲ ಬರೂತನಾ, ಕೊನೀ ಬೋಲ್ಟ್ ಬಿಗಿ ಆಗೂತನಾ ಗಾಡಿ ಬರಾಂಗಿಲ್ಲ. ನಿಮಗ ಏನ ಬರೀಬೇಕು ಅನಸ್ತೈತಿ ಬರೀರಿ.’

ಫೋನು ನನ್ನ ಕೈಗಿಟ್ಟು, ಕೆಂಪು ಬಾವುಟ ಎತ್ತಿಕೊಂಡು, ಗಾಡಿ ಬರಬೇಕಾದ ತುದಿಗೆ ನಡೆದುಹೋಗಿ ಹಳಿಯ ಮೇಲೆ ಕೂತರು. ಕಾದ ಹಳಿ. ಸೆರಗನ್ನು ಮಡಿಚಿ ಕೆಳಗೆ ಹಾಕಿಕೊಂಡರು. ಅಲ್ಲಿಂದಲೇ ಕೂಗಿದರು: ‘ಎಂಜಿನಿಯರ್ ಸಾಹೇಬ್ರ, ಫೋನ್ ಒಳಗ ಇಡ್ರಿ, ಪಾನಾ ಹಿಡೀರಿ.’

ನಾನು ಪಾನಾ ಹಿಡಿದೆ. ಬೋಲ್ಟು ಒಂದೊಂದಾಗಿ ಬಿಗಿಯುತ್ತ ಹೋದವು. ನಡುವೆ ಗಾಡಿಯ ಡ್ರೈವರ್ ತನ್ನ ಎಂಜಿನ್ನನ್ನು ಸಹಾಯಕನಿಗೆ ಒಪ್ಪಿಸಿ, ಇದೇನು ತಡ ಎಂದು ನೋಡಲು ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬಂದ. ಹಳಿಯ ಮೇಲೆ ಕೂತ ಹೆಣ್ಣುಮಗಳನ್ನು ನೋಡಿದ, ಸೇತುವೆಯ ಕೆಳಗೆ ಜೋತುಬಿದ್ದ ಕಾಲುಗಳನ್ನು ನೋಡಿದ. ತನ್ನ ನೀರಿನ ಬಾಟಲಿಯನ್ನು ಅವರ ಕೈಗೆ ಕೊಟ್ಟು, ‘ಕುಂದರ್ರಿ ಅಕ್ಕಾರ. ನಿಮ್ಮ ಕೆಲಸ ಮುಗಿಸಿ ಹೇಳ್ರಿ. ನಂಗೂ ಮನಿಗೆ ಹೋಗೂದೈತಿ’ ಎಂದು ಬಂದ ಹಾಗೇ ಹೋದ.

ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಕೆಳಗಿದ್ದ ಇಬ್ಬರೂ ಮೇಲೆ ಬಂದರು. ಅಕ್ಕಾರು ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿ, ದಾರಿ ಬಿಟ್ಟರು. ಕಲ್ಲಿದ್ದಲಿನ ಗಾಡಿ ನಮ್ಮೆದುರು ದಾಟಿತು. ಡ್ರೈವರ್ ಕಿಟಕಿಯಿಂದ ಕೈಯೆತ್ತಿದ. ಆ ಸಂಜೆ ಬಾಗೇವಾಡಿಯಲ್ಲಾಗಲಿ ಇಂಡಿಯಲ್ಲಾಗಲಿ ಒಂದು ದೀಪವೂ ಆರಲಿಲ್ಲ.

ಅವರ ಮೇಲೆ ಆರೋಪಪಟ್ಟಿ ಬಂತು. ಸರಕು ಸಾಗಣೆಗೆ ಬೇಕೆಂದೇ ಅಡ್ಡಿ, ಮೇಲಧಿಕಾರಿಯ ಆಜ್ಞೆಗೆ ಅವಿಧೇಯತೆ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಅಂದು ಬ್ಲಾಕಿಗೆ ಸಂಬಂಧಿಸಿದ ಎಲ್ಲ ನಿರ್ಧಾರವೂ ತಮ್ಮದೇ ಎಂದು ಅವರು ಬರೆದುಕೊಟ್ಟಿದ್ದರು. ನಾನು ಸಾಕ್ಷಿ ಹೇಳುತ್ತೇನೆ ಎಂದು ಹಟ ಹಿಡಿದೆ. ‘ಹೇಳು. ಆಗಿದ್ದ ಹೇಳು. ನನ್ನ ಉಳಸಾಕ ಅಂತ ಒಂದ ಮಾತ ಹೆಚ್ಚ ಹೇಳಬ್ಯಾಡ. ಹೆಚ್ಚ ಹೇಳಿದ್ರ ಖರೇದ್ದೂ ಸುಳ್ಳ ಕಾಣತೈತಿ’ ಎಂದರು.

ವಿಚಾರಣೆಯ ಕೋಣೆಯಲ್ಲಿ ನಾನು ಆಗಿದ್ದನ್ನು ಹೇಳಿದೆ, ಫೋನಿನ ಮಾತನ್ನೂ ಹೇಳಿದೆ. ವಿಚಾರಣೆ ಮಾಡಲು ಬಂದವರು ಬರೆದುಕೊಳ್ಳದೆ ಪೆನ್ನು ತಿರುಗಿಸುತ್ತ ಕೂತರು. ಆಮೇಲೆ ಅಕ್ಕಾರ ಕಡೆ ತಿರುಗಿದರು.

‘ನಿಮ್ಮಿಂದ ಗಾಡಿ ತಡವಾಯಿತು ಅನ್ನೋದನ್ನು ಒಪ್ಪುತ್ತೀರಾ?’

‘ಹೌದ್ರಿ ಸರ್. ತಡ ಆತು. ಬಿದ್ದಿಲ್ಲ.’

ಮೊದಲರ್ಧ ಮಾತ್ರ ಬರೆದುಕೊಂಡರು. ನಾನು ಎದುರಿಗೇ ಕೂತಿದ್ದೆ, ಕಣ್ಣಾರೆ ಕಂಡೆ. ಉಳಿದರ್ಧ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ನಿಮ್ಮ ಹೇಳಿಕೆ ಮುಗಿದಿದೆ, ಹೊರಗೆ ಹೋಗಿ ಎಂದರು.

ಸೇತುವೆಯ ಕೆಲಸ ಪೂರ್ತಿಯಾಗಿ, ಕಾಷನ್ ತೆಗೆಯುವ ದಿನ ದೊಡ್ಡ ಸಮಾರಂಭ ನಡೆಯಿತು. ಹೊಳೆಯ ದಂಡೆಗೆ ಶಾಮಿಯಾನಾ ಹಾಕಿ, ಎಂಜಿನ್ನಿಗೆ ಚೆಂಡುಹೂವಿನ ಮಾಲೆ ಕಟ್ಟಿದ್ದರು. ದೊಡ್ಡ ಸಾಹೇಬರಿಗೆ ಶಾಲು, ಗುತ್ತಿಗೆದಾರರಿಗೆ ಶಾಲು, ನಗುವ ಮ್ಯಾನೇಜರಿಗೂ ಶಾಲು. ಶತಮಾನ ಕಂಡ ಸೇತುವೆಗೆ ಹೊಸ ಜೀವ ಕೊಟ್ಟವರು ಎಂದು ಒಬ್ಬೊಬ್ಬರನ್ನೇ ಹೊಗಳಿದರು. ಅಮೃತಶಿಲೆಯ ಹಲಗೆಯೊಂದರ ಮೇಲೆ ಹೆಸರುಗಳ ಸಾಲು. ಅಕ್ಕಾರಿಗೆ ಕರೆಯೂ ಇರಲಿಲ್ಲ. ವಿಚಾರಣೆ ನಡೆಯುತ್ತಿರುವವರನ್ನು ವೇದಿಕೆಗೆ ಕರೆಯುವುದು ಸರಿಯಲ್ಲವಂತೆ.

ಅವರು ಬಂದಿದ್ದರು. ಶಾಮಿಯಾನಾದಲ್ಲಲ್ಲ, ಸೇತುವೆಯ ಕೆಳಗೆ. ನಡುವಿನ ಕಂಬದ ಪಕ್ಕದಲ್ಲಿ ಕೊರಳೆತ್ತಿ ನಿಂತು, ಮೊದಲ ಬಾರಿ ಪೂರ್ತಿ ವೇಗದಲ್ಲಿ ಬರುವ ಗಾಡಿಗಾಗಿ ಕಾಯುತ್ತಿದ್ದರು. ನಾನು ಇಳಿದು ಹೋಗಿ ಪಕ್ಕದಲ್ಲಿ ನಿಂತೆ. ಗಾಡಿ ತಲೆಯ ಮೇಲೆ ಗುಡುಗುತ್ತ ಹೋಯಿತು. ಅವರು ಕಣ್ಣು ಮಿಟುಕಿಸದೆ ಗರ್ಡರನ್ನೇ ನೋಡಿದರು. ಕೊನೆಯ ಡಬ್ಬಿ ದಾಟಿದ ಮೇಲೆ ಮೇಲಿನಿಂದ ಚಪ್ಪಾಳೆ ಕೇಳಿಸಿತು. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಅದೇನೋ ಒರಟು ಮಾತಾಡಿದೆ, ಇಲ್ಲಿ ಬರೆಯುವಂಥದ್ದಲ್ಲ.

ಅವರು ನಕ್ಕರು. ‘ಅವ್ರ ಚಪ್ಪಾಳಿ ಅವ್ರಿಗಿರಲಿ. ಬಾ, ಮಂದಿ ಹೋಗೂದ್ರಾಗ ಆ ಕಡೀ ಬೋಲ್ಟ್ ಒಂದ್ಸಲ ನೋಡಿ ಬರೂಣು.’

ಬಡ್ತಿ ನಿಲ್ಲಿಸಿದರು. ಜೊತೆಗೆ ವರ್ಗಾವಣೆ, ನಮ್ಮ ಭಾಷೆ ಕೇಳದ ದೂರದ ಸೀಮೆಗೆ, ಕಾಡಿನ ನಡುವಿನ ನಿಲ್ದಾಣಕ್ಕೆ. ಉಬ್ಬಸ ಹೆಚ್ಚಿದೆ, ಆಸ್ಪತ್ರೆ ಇರುವ ಊರು ಕೊಡಿ ಎಂದು ಜೀವನದಲ್ಲಿ ಮೊದಲ ಸಲ ತಮಗಾಗಿ ಅರ್ಜಿ ಹಾಕಿದರು. ವೈದ್ಯರು ಧೂಳಿನ ಕೆಲಸ ಬೇಡ ಎಂದು ಬರೆದಿದ್ದನ್ನೂ ಜೋಡಿಸಿದ್ದರು. ಉತ್ತರ ಬರಲಿಲ್ಲ. ಹೊರಡುವ ದಿನ ಇಂಡಿಯ ನಿಲ್ದಾಣದಲ್ಲಿ ಅವರ ಕೈಕೆಳಗೆ ದುಡಿದ ಗ್ಯಾಂಗಿನವರೆಲ್ಲ ಬಂದಿದ್ದರು. ಮಾಸ್ತರರ ಹೆಂಡತಿ ಜೋಳದ ಹಿಟ್ಟಿನ ಗಂಟು ಕಟ್ಟಿಕೊಟ್ಟರು. ‘ಅಲ್ಲಿ ಅನ್ನ ತಿಂದು ಸಾಯ್ತೇನೇನೋ’ ಎಂದು ಅಕ್ಕಾರು ನಗೆಯಾಡಿದರು.

ಎರಡು ಮಳೆಗಾಲ ಅಲ್ಲಿದ್ದರು. ಎರಡನೆಯದರಲ್ಲಿ ಎದೆಯ ಸೋಂಕು ಹತ್ತಿತು. ಆಸ್ಪತ್ರೆ ದೂರವಿತ್ತು, ದಾರಿಯಲ್ಲೇ ತೀರಿಕೊಂಡರು. ಅವರ ತಮ್ಮ ಹೋಗಿ ದೇಹವನ್ನು ಮೋರಟಗಿಗೆ ತಂದ. ನಮ್ಮ ಗ್ಯಾಂಗಿನವರು, ಮುದ್ದೇಬಿಹಾಳದ ಆ ಇಬ್ಬರು, ಕಲ್ಲಿದ್ದಲು ಗಾಡಿಯ ಆ ಡ್ರೈವರ್, ಎಲ್ಲರೂ ಬಂದಿದ್ದರು. ಬುದ್ಧನ ಪಟದ ಕೆಳಗೆ ಮಲಗಿಸಿದ್ದರು. ಕಚೇರಿಯಿಂದ ಒಂದು ಹೂವಿನ ಚಕ್ರ ಬಂತು, ಅದರ ಜೊತೆ ಸಾಹೇಬರು ಯಾರೂ ಬರಲಿಲ್ಲ.

ಮರುವಾರ ಕಚೇರಿಯಲ್ಲಿ ಶೋಕಸಭೆ. ದೊಡ್ಡ ಸಾಹೇಬರು ಎದ್ದು ನಿಂತು ಕಾಗದ ಓದಿದರು. ಮೃದು ಸ್ವಭಾವದವರು, ಮೇಲಧಿಕಾರಿಗಳ ಮಾತು ಮೀರದವರು, ಎಲ್ಲರೊಡನೆ ಹೊಂದಿಕೊಂಡು ಹೋಗುತ್ತಿದ್ದ ಸಿಬ್ಬಂದಿ. ಈ ಮಾತುಗಳನ್ನು ಅವರು ಎಲ್ಲರ ಸಾವಿಗೂ ಓದುತ್ತಿದ್ದರು. ನಾನು ಎದ್ದು ನಿಂತೆ.

‘ಸರ್, ಅವರು ಹೊಂದಿಕೊಂಡು ಹೋದವರಲ್ಲ. ಬದುಕಿದ್ದಾಗ ಅದೇ ಅವರ ತಪ್ಪು ಅಂದ್ರಿ. ಸತ್ತ ಮ್ಯಾಲೆ ಅವರ ಮ್ಯಾಲೆ ಈ ಸುಳ್ಳು ಹೊರಿಸಬ್ಯಾಡ್ರಿ. ಆ ಸಾಲು ತೆಗಿರಿ.’

ಸಾಹೇಬರು ಕೂತುಕೋ ಎಂದು ಕೈಮಾಡಿದರು. ನಾನು ಕೂರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಗ್ಯಾಂಗಿನವರು ಒಬ್ಬೊಬ್ಬರಾಗಿ ಎದ್ದು ನಿಂತರು. ಹಾಗೆ ನಿಂತೇ ಇದ್ದರು. ಕೊನೆಗೆ ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದರು. ನನಗೂ ನೋಟೀಸು ಬಂತು. ಉತ್ತರ ಕೊಟ್ಟೆ. ಅಂಥ ಉತ್ತರ ಬರೆಯುವ ಕೈ ನನಗೆ ಬಂದದ್ದು ಅವರಿಂದ.

ಬೇಸಗೆ ಕಳೆದ ಮೇಲೆ ಒಮ್ಮೆ ಅವರ ತಾಯಿಯನ್ನು ನೋಡಲು ಹೋದೆ. ಮಗನ ಮನೆಯಲ್ಲಿ, ಮೊಮ್ಮಕ್ಕಳ ನಡುವೆ ಇದ್ದರು. ಮಗಳು ಏನು ಕೆಲಸ ಮಾಡುತ್ತಿದ್ದಳು ಎಂಬುದನ್ನು ಕಣ್ಣಿನಿಂದ ಒಮ್ಮೆಯೂ ನೋಡಿರಲಿಲ್ಲ. ‘ಎಲ್ಲೋ ಪೂಲಿನ ಮ್ಯಾಲ ಅಂತಿದ್ಲು’ ಎಂದರು. ನನಗೆ ತಡೆಯಲಾಗಲಿಲ್ಲ. ಅವರನ್ನೂ ಹಿರಿಯ ಮೊಮ್ಮಗಳನ್ನೂ ಇಂಡಿಗೆ ಕರೆದುಕೊಂಡು ಹೋಗಿ ಪ್ಯಾಸೆಂಜರ್ ಗಾಡಿ ಹತ್ತಿದೆ.

ಅಜ್ಜಿ ಕಿಟಕಿಯ ಪಕ್ಕ ಕೂತರು. ಹೊಲಗಳಲ್ಲಿ ತೊಗರಿ ಮೊಣಕಾಲೆತ್ತರ ಬಂದಿತ್ತು. ಸೇತುವೆ ಬಂದಾಗ ನಾನು ಇದೇ ಎಂದು ತೋರಿಸಿದೆ. ಅವರು ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದು, ಸರಿದುಹೋಗುವ ಉಕ್ಕನ್ನೂ ಕೆಳಗಿನ ಕೆಂಪುನೀರನ್ನೂ ನೋಡಿದರು. ಸೇತುವೆ ಮುಗಿದು ಗಾಡಿ ಮತ್ತೆ ಮಣ್ಣಿನ ಮೇಲೆ ಬಂತು.

‘ಏನೂ ಅಲುಗಾಡಲಿಲ್ಲಲ್ಲೋ ತಮ್ಮಾ’ ಎಂದರು.

‘ಇಲ್ಲಬೇ.’

ಆಮೇಲೆ ನನ್ನ ಕಡೆ ತಿರುಗಿ, ನಿಜಕ್ಕೂ ತಿಳಿಯದವರ ಹಾಗೆ ಕೇಳಿದರು:

‘ಮತ್ತ ಅಕಿಗೆ ಶಿಕ್ಷಾ ಯಾತಕ್ಕ ಕೊಟ್ರು?’